ಆಲೂಗಡ್ಡೆ ಸ್ಮೈಲಿ ಎಣ್ಣೆಯಲ್ಲೇ ಕರಗಿ ಹೋಯ್ತು, ಈಗೇನು ಮಾಡಲಿ?

ಮುಂದಿನ ವಾರ ಮಗಳ ಹುಟ್ಟುಹಬ್ಬ, 12 ಮಕ್ಕಳು ಬರುತ್ತಾರೆ. ಆಲೂಗಡ್ಡೆಯಲ್ಲಿ ನೋಡಿದ ಕೂಡಲೇ ಕೈ ಹಾಕಬೇಕು ಅನ್ನಿಸುವಂಥದ್ದು ಏನಾದರೂ ಮಾಡೋಣ ಅಂತ ಆಸೆ. ಮೊನ್ನೆ ಸುಮ್ನೆ ಸ್ಮೈಲಿ ಮಾಡಿ ನೋಡಿದೆ. ಎಣ್ಣೆಗೆ ಬಿಟ್ಟದ್ದೇ ತಡ, ಕಣ್ಣು ಒಂದು ಕಡೆ, ಬಾಯಿ ಒಂದು ಕಡೆ. ಮಾಡಿ ಗೆದ್ದವರು, ಸೋತವರು ಇಬ್ಬರೂ ಹೇಳಿ.

—

ಸ್ಮೈಲಿ ಕೈಬಿಡಬೇಡಿ. ನೀರಿನಂಶ ಜಾಸ್ತಿ ಆಗಿದೆ ಅಷ್ಟೇ. ಆಲೂಗಡ್ಡೆ ಹೆಚ್ಚಿ ನೀರಲ್ಲಿ ಮುಳುಗಿಸಿ ಬೇಯಿಸಿದಿರಾ? ನಾನೂ ಹಾಗೇ ಮಾಡಿ ಎರಡು ಸಲ ಬಾಣಲೆ ತುಂಬ ಎಣ್ಣೆ ಹಾಳು ಮಾಡಿಕೊಂಡಿದ್ದೇನೆ. ಈಗ ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಸುಲಿದು, ಹಬೆ ಪೂರ್ತಿ ಹೋಗುವ ತನಕ ತಟ್ಟೆಯಲ್ಲಿ ಹರಡಿ ಬಿಟ್ಟು, ಆಮೇಲೆ ತುರಿಯುತ್ತೇನೆ. ಮಿಕ್ಸಿಗೆ ಮಾತ್ರ ಹಾಕಲೇಬೇಡಿ, ಪಿಷ್ಟ ಹೊರಗೆ ಬಂದು ಗೋಂದಿನ ಹಾಗೆ ಎಳೆಯುತ್ತದೆ. ಅರ್ಧ ಕೆಜಿಗೆ 3 ದೊಡ್ಡ ಚಮಚ ಕಾರ್ನ್ ಫ್ಲೋರ್, ಅಷ್ಟೇ ಬ್ರೆಡ್ ಪುಡಿ. ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕಣ್ಣಿಗೆ ಸ್ಟ್ರಾ, ಬಾಯಿಗೆ ಚಮಚದ ಅಂಚು. ಎಣ್ಣೆ ಚೆನ್ನಾಗಿ ಕಾದಿರಬೇಕು, ಅಳೆಯುವುದಾದರೆ 175 ಡಿಗ್ರಿ. ಬಿಟ್ಟ ಮೇಲೆ ಒಂದು ನಿಮಿಷ ಸೌಟು ಮುಟ್ಟಿಸಬೇಡಿ. ಆ ಒಂದು ನಿಮಿಷ ಸುಮ್ಮನಿರುವುದೇ ಕಷ್ಟ, ಗೊತ್ತು!

—

ನನ್ನ ಓಟು ಕಡ್ಡಿಗೆ ಸಿಕ್ಕಿಸಿದ ಸುರುಳಿಗೆ, ಅದೇ ದಕ್ಷಿಣ ಕೊರಿಯಾದಿಂದ ಬಂದದ್ದು. ಯಂತ್ರ ಬೇಡ. ಹಸಿ ಆಲೂಗಡ್ಡೆಯ ನಡುವೆ ಕಡ್ಡಿ ತೂರಿಸಿ, ಚಾಕು ಓರೆಯಾಗಿ ಹಿಡಿದು, ಕಡ್ಡಿಗೆ ತಾಗುವಷ್ಟು ಕೊಯ್ಯುತ್ತಾ ಆಲೂಗಡ್ಡೆಯನ್ನೇ ತಿರುಗಿಸುತ್ತಾ ಹೋಗಿ. ಎಳೆದು ಬಿಡಿಸುವಾಗ ಮುರಿಯುತ್ತದೆ ಅಂತ ಎಲ್ಲರೂ ಗೋಳಾಡುತ್ತಾರೆ. ಮೊದಲು ಉಪ್ಪು ನೀರಲ್ಲಿ 20 ನಿಮಿಷ ನೆನೆಸಿ. ಉಪ್ಪು ಒಳಗಿನ ನೀರನ್ನು ಎಳೆಯುತ್ತದೆ, ಪದರ ರಬ್ಬರಿನ ಹಾಗೆ ಬಾಗುತ್ತದೆ. ಕರಿಯುವ ಮುಂಚೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಇಲ್ಲದಿದ್ದರೆ ಎಣ್ಣೆ ಸಿಡಿದು ಕೈ ಸುಡುತ್ತದೆ. ನನಗೆ ಕಲೆ ಇನ್ನೂ ಇದೆ. ಮತ್ತೆ, ಮಕ್ಕಳ ಕೈಗೆ ಕೊಡುವ ಮುಂಚೆ ಕಡ್ಡಿಯ ಚೂಪು ತುದಿ ಕತ್ತರಿಸಿ.

—

12 ಮಕ್ಕಳು ಮನೆಯಲ್ಲಿ ಓಡಾಡುವಾಗ ಕಾದ ಎಣ್ಣೆಯ ಮುಂದೆ ನಿಲ್ಲುವುದು ನನಗಂತೂ ಆಗದ ಮಾತು. ತುರಿದ ಹಸಿ ಆಲೂಗಡ್ಡೆಯನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ, ಬೆಣ್ಣೆ ಉಪ್ಪು ಸೇರಿಸಿ ವಾಫಲ್ ಮೇಕರ್‌ನಲ್ಲಿ ಒತ್ತಿಬಿಡಿ. ಚೌಕ ಚೌಕ ಗುಂಡಿ, ಅಂಚು ಗರಿಗರಿ. ಸಾಸ್ ಆ ಗುಂಡಿಯಲ್ಲಿ ನಿಲ್ಲುತ್ತದೆ, ಮಕ್ಕಳಿಗೆ ಅದೇ ಖುಷಿ.

—

ಅಣಬೆ ಆಕಾರ ಮಾಡಿ ನೋಡಿ! ಬೇಯಿಸಿದ ಆಲೂಗಡ್ಡೆಗೆ ಕೈಗೆ ಅಂಟದಷ್ಟು ಕಾರ್ನ್ ಫ್ಲೋರ್ ಸೇರಿಸಿ ಉಂಡೆ ಕಟ್ಟಿ, ಸಣ್ಣ ಬಾಟಲಿಯ ಬಾಯನ್ನು ಹಿಟ್ಟಿಗೆ ಅದ್ದಿ ಉಂಡೆಯ ಮೇಲೆ ಒತ್ತಿದರೆ ನಡುವೆ ಕಾಂಡ ಏಳುತ್ತದೆ. ಕುದಿಯುವ ನೀರಿಗೆ ಹಾಕಿ, ತೇಲಿದ ಮೇಲೆ ತೆಗೆದು ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಹೊರಳಿಸಿ. ಅಗಿದರೆ ಜಗ್ಗುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ, ನಮ್ಮನೆಯವರಿಗೂ ಹಿಡಿಸಲಿಲ್ಲ. ನಾನೊಬ್ಬಳೇ ತಿಂದೆ.

—

ಒಂದು ಮಾತು ಯಾರೂ ಹೇಳಲಿಲ್ಲ. ಕರಿಯುವ ಆಲೂಗಡ್ಡೆಯನ್ನು ಹಸಿಯಾಗಿ ಫ್ರಿಜ್‌ನಲ್ಲಿ ಇಡಬೇಡಿ. ತಂಪಿಗೆ ಪಿಷ್ಟ ಸಕ್ಕರೆ ಆಗುತ್ತದೆ, ಒಳಗೆ ಬೇಯುವ ಮುಂಚೆಯೇ ಹೊರಗೆ ಕಪ್ಪಾಗುತ್ತದೆ. ಹಸಿರು ತಿರುಗಿದ್ದನ್ನೂ ಮೊಳಕೆ ಬಂದದ್ದನ್ನೂ ಮಕ್ಕಳಿಗೆ ಬೇಡ.

—

ಕೇಳಿದವಳು ನಾನೇ. ಇವತ್ತು ಹಬೆ ಆರಿಸಿ ಸ್ಮೈಲಿ ಮಾಡಿದೆ. 14ರಲ್ಲಿ ಒಂದೇ ಒಡೆಯಿತು, ಅದೂ ನಾನು ಸೌಟು ಹಾಕಿ ಕೆದಕಿದ್ದಕ್ಕೆ. ಸುರುಳಿ ಮಾತ್ರ ಮೂರೂ ಮುರಿದವು, ನೆನೆಸುವುದಕ್ಕೆ ತಾಳ್ಮೆ ಇರಲಿಲ್ಲ. ನಾಳೆ ಮತ್ತೆ ನೋಡುತ್ತೇನೆ.