ಬನ್ನೂರು (ಬಂಡೂರು) ಕುರಿ: ಮಂದೆಗೆ ಒಂದೇ ಟಗರು, ಮರಿ ಸೊರಗುತ್ತಿವೆ. ಏನು ಮಾಡುವುದು?

ಮಳವಳ್ಳಿ ರೊಪ್ಪ:
40 ಹೆಣ್ಣು ಕುರಿ, ಒಂದು ಬೀಜದ ಟಗರು. ಟಗರು ಇದೇ ಮಂದೆಯಲ್ಲಿ ಹುಟ್ಟಿದ್ದು, ನಾಲ್ಕು ವರ್ಷದಿಂದ ಅದೇ ನಡೆಯುತ್ತಿದೆ. ಈಗ ಹುಟ್ಟುವ ಮರಿ ಒಂದೂವರೆ ಕೆ.ಜಿ. ದಾಟುತ್ತಿಲ್ಲ. ಎರಡಕ್ಕೆ ಕೆಳದವಡೆ ಗಿಡ್ಡ, ಒಂದು ಗಂಡಿಗೆ ಒಂದೇ ಬೀಜ ಇಳಿದಿದೆ. ಇನ್ನೂ 20 ಹೆಣ್ಣು ಕುರಿ ತಂದರೆ ಸರಿಹೋಗುತ್ತಾ? ಇಲ್ಲ ಬೇರೆ ತಳಿಯ ದೊಡ್ಡ ಟಗರು ಬಿಡೋಣವೇ?

ಪಶುವೈದ್ಯ:
ಎರಡೂ ಬೇಡ. ಮಂದೆಯಲ್ಲಿ ತಲೆ ಎಷ್ಟಿದ್ದರೂ ತಳಿಗೆ ನಿಜಕ್ಕೂ ಲೆಕ್ಕಕ್ಕೆ ಬರುವ ತಲೆ ಬೇರೆ: ಗಂಡನ್ನೂ ಹೆಣ್ಣನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಗಂಡು ಹೆಣ್ಣು ಕೂಡಿದ ಸಂಖ್ಯೆಯಿಂದ ಭಾಗಿಸಿ. 40 ಹೆಣ್ಣಿಗೆ 1 ಟಗರು ಅಂದರೆ 3.9. ಹೆಣ್ಣು 60 ಮಾಡಿದರೂ 3.9ರ ಆಸುಪಾಸೇ. ಅದೇ 40ಕ್ಕೆ 4 ಟಗರು ಇದ್ದರೆ 14.5. ಒಂದನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ತಲೆಮಾರಿಗೆ ಏರುವ ಇನ್‌ಬ್ರೀಡಿಂಗ್ (ಒಂದೇ ರಕ್ತದವು ಕೂಡುವುದು) ಸಿಗುತ್ತದೆ: ನಿಮ್ಮಲ್ಲಿ ಸುಮಾರು 13%, ನಾಲ್ಕು ಟಗರಿದ್ದರೆ 3.4%. 1% ಒಳಗಿದ್ದರೆ ಕ್ಷೇಮ. ಅಪ್ಪನಿಗೇ ಮಗಳು ಗಬ್ಬವಾದರಂತೂ ಆ ಮರಿಯಲ್ಲಿ ಒಂದೇ ಏಟಿಗೆ 25%.

ತೂಕ ಕಡಿಮೆಯಾಗಿದ್ದಕ್ಕೆ ಮಾತ್ರ ರಕ್ತವನ್ನೇ ದೂರಬೇಡಿ. ಮರಿ ಹೊಟ್ಟೆಯಲ್ಲಿ ಹೆಚ್ಚು ಬೆಳೆಯುವುದು ಕೊನೆಯ ಆರು ವಾರ. ಆಗ ಕುರಿಗೆ ದಿನಕ್ಕೆ 200-250 ಗ್ರಾಂ ಹಿಂಡಿ ಮಿಶ್ರಣ ಸಿಗಬೇಕು. ದವಡೆ, ಬೀಜದ ದೋಷ ಮಾತ್ರ ಅನುಮಾನ ಹುಟ್ಟಿಸುವಂಥದ್ದು. ಈ ಮರಿಗಳ ಅಪ್ಪನಾದ ಆ ಟಗರನ್ನು ಬೀಜಕ್ಕೆಂದು ಯಾರಿಗೂ ಮಾರಬೇಡಿ.

ಬಂಡೂರು ಕುರಿ:
ಬೇರೆ ತಳಿ ಬಿಟ್ಟರೆ ಮೊದಲ ಮರಿ ದಪ್ಪ ಬರುತ್ತದೆ, ನಿಜ. ಆದರೆ ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತಲೆಕೆಳಗಾದ 'ಯು' ಆಕಾರದ ತೊಡೆ, ಇದಕ್ಕೇ ತಾನೆ ಜನ ಹೆಚ್ಚು ದುಡ್ಡು ಕೊಡುವುದು? ಅಮೆರಿಕದ ಫ್ಲಾರಿಡಾದ ಪ್ಯೂಮಾಗಳು (ದೊಡ್ಡ ಕಾಡುಬೆಕ್ಕು) ಇಪ್ಪತ್ತು ಮೂವತ್ತಕ್ಕೆ ಇಳಿದು, ಬಾಲ ಸೊಟ್ಟಗಾಗಿ, ಬೀಜ ಇಳಿಯದೆ ಹುಟ್ಟತೊಡಗಿದಾಗ 1995ರಲ್ಲಿ ಟೆಕ್ಸಾಸಿನಿಂದ 8 ಹೆಣ್ಣು ತಂದು ಬಿಟ್ಟರು. ಅಲ್ಲಿ ಹತ್ತಿರದಲ್ಲಿ ಬೇರೆ ಗುಂಪೇ ಇರಲಿಲ್ಲ. ನಮಗೆ ಆ ಗತಿ ಬಂದಿಲ್ಲ, ಹತ್ತೂರು ಆಚೆ ಅದೇ ತಳಿ ಇದೆ.

ತೊಂದರೆ ಇರುವುದು ಬಕ್ರೀದ್‌ನಲ್ಲಿ. ಚೆನ್ನಾಗಿರುವ ಗಂಡೆಲ್ಲ ಮಾರಾಟವಾಗಿ, ಉಳಿದ ಕಡ್ಡಿಯೇ ಬೀಜಕ್ಕೆ ನಿಲ್ಲುತ್ತದೆ.

ಮಳವಳ್ಳಿ ರೊಪ್ಪ:
ಪಕ್ಕದ ಊರಿನ ಟಗರು ತರಬಹುದಾ ಅಣ್ಣ?

ಬಂಡೂರು ಕುರಿ:
ಅದರ ಅಪ್ಪ ಯಾವುದು, ಎಲ್ಲಿಂದ ಬಂತು ಅಂತ ಕೇಳಿ. ಹೆಸರಾದ ಒಂದು ಟಗರಿನ ಮರಿ ಸುತ್ತ ನಾಲ್ಕೂರಲ್ಲಿ ಇರುತ್ತದೆ. ತಂದ ಮೇಲೆ 21 ದಿನ ಬೇರೆ ಕಟ್ಟಿ, ಬ್ರೂಸೆಲ್ಲಾ (ಗಬ್ಬ ಕಳೆಯುವ ರೋಗ) ಪರೀಕ್ಷೆ ಮಾಡಿಸಿ.

ಎರಡು ಟಗರನ್ನು ಒಟ್ಟಿಗೆ ಬಿಟ್ಟರೆ ಜೋರಿನದೇ ಎಲ್ಲ ಕುರಿ ಹಿಡಿಯುತ್ತದೆ, ಇನ್ನೊಂದು ಲೆಕ್ಕಕ್ಕಿಲ್ಲ. 20-20 ಮಾಡಿ ಬೇರೆ ಬೇರೆ ಬೇಲಿಯಲ್ಲಿ ಬಿಡಿ. ಟಗರಿನ ಎದೆಗೆ ಕಾವಿ ಎಣ್ಣೆಯಲ್ಲಿ ಕಲಸಿ ಬಳಿಯಿರಿ, ಹತ್ತಿದ ಕುರಿಯ ಬೆನ್ನಿಗೆ ಬಣ್ಣ ಅಂಟುತ್ತದೆ. ಗಬ್ಬ ನಿಲ್ಲದ ಕುರಿ ಮತ್ತೆ ಬೆದೆಗೆ ಬರುವುದು 17 ದಿನಕ್ಕೆ, ಆಗ ಬಣ್ಣ ಬದಲಿಸಿ. ತುಂಬಾ ಕುರಿಗಳ ಬೆನ್ನಿಗೆ ಹೊಸ ಬಣ್ಣವೂ ಹತ್ತಿದರೆ ಟಗರಲ್ಲೇ ಐಬು.

ಪಶುವೈದ್ಯ:
ಕೊಳ್ಳುವ ದುಡ್ಡು ಉಳಿಸಬೇಕಾದರೆ, ಸಂಬಂಧವಿಲ್ಲದ ನಾಲ್ಕು ಮಂದೆಯವರು ಸೇರಿ ಚಕ್ರ ಹಾಕಿಕೊಳ್ಳಿ. ಮೊದಲನೆಯವರ ಗಂಡು ಎರಡನೆಯವರಿಗೆ, ಅವರದು ಮೂರನೆಯವರಿಗೆ, ಹೀಗೆ. ಹೆಣ್ಣು ಮಾತ್ರ ಹುಟ್ಟಿದ ಮಂದೆಯಲ್ಲೇ ಇರಲಿ. ಮಗಳು ಬೆದೆಗೆ ಬರುವ ಮೊದಲೇ ಟಗರು ಮುಂದಕ್ಕೆ ಹೋಗಬೇಕು. ಮಧ್ಯೆ ಒಬ್ಬರು ತಪ್ಪಿಸಿದರೂ ಚಕ್ರ ಕೆಡುತ್ತದೆ. ಅದಕ್ಕೇ ಕಿವಿಗೆ ಓಲೆ ಹಾಕಿ, ಅಪ್ಪ, ಅವ್ವ, ಹುಟ್ಟಿದ ದಿನ ಬರೆದಿಡಿ. ಉಳಿದ ಗಂಡು ಮರಿಗಳನ್ನು ನಾಲ್ಕು ತಿಂಗಳಿಗೇ ಬೇರೆ ಕಟ್ಟಿ, ಇಲ್ಲವೇ ಬೀಜ ಒಡೆಸಿ. ಐದಾರು ತಿಂಗಳಿಗೆ ಅವು ಅವ್ವನ ಮೇಲೂ ಹೋಗುತ್ತವೆ.