ಪದಚರ್ಚೆ: ಡೇಟಾ ಲೆಕ್ಕಕ್ಕೆ ‘ವೇಗ’ವೋ, ‘ದರ’ವೋ, ‘ಹರಿವೋ’?

ಎಲ್ಲರಿಗೂ ಮಂಡ್ಯದಿಂದ ನಮಸ್ಕಾರ.

ಫೈಬರ್ ಕೇಬಲ್ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಕಡೆಯ ಐಟಿಐ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಟೆಲಿಕಾಂನವರ ಎಸ್‌ಡಿಎಚ್ (ಫೈಬರಿನಲ್ಲಿ ಡೇಟಾ ಸಾಗಿಸುವ ಅವರ ಪದ್ಧತಿ) ಲೆಕ್ಕವನ್ನು ಈಥರ್ನೆಟ್ (ಕಂಪ್ಯೂಟರ್ ಜಾಲದ ಪದ್ಧತಿ) ಲೆಕ್ಕಕ್ಕೆ ತರುವ ಅಧ್ಯಾಯದಲ್ಲಿ ಮೂರು ವಾರದಿಂದ ನಿಂತುಬಿಟ್ಟಿದ್ದೇನೆ. ಗುಣಾಕಾರ ಭಾಗಾಕಾರ ಸಲೀಸು. ಪದ ಕೂಡಿಬರುತ್ತಿಲ್ಲ.

ಮೊದಲ ಕರಡಿನಲ್ಲಿ ‘ದತ್ತಾಂಶ ವರ್ಗಾವಣೆ ದರ’ ಎಂದು ಬರೆದು ಒಬ್ಬ ಹುಡುಗನಿಗೆ ಓದಲು ಕೊಟ್ಟೆ. ‘ಎಸ್‌ಟಿಎಂ-1ರ ದರ 155.52’ ಎಂಬಲ್ಲಿ (ಎಸ್‌ಟಿಎಂ-1 ಎಂದರೆ ಎಸ್‌ಡಿಎಚ್‌ನ ಮೊದಲ ಮೆಟ್ಟಿಲಿನ ಲಿಂಕ್) ಬೆರಳಿಟ್ಟು, ‘ಇದು ತಿಂಗಳಿಗಾ ಸಾರ್?’ ಎಂದ. ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ದರ ಎಂದರೆ ಬೆಲ್ಲದ ದರ, ರೇಷ್ಮೆಗೂಡಿನ ದರ. ವರ್ಗಾವಣೆ ಎಂದರೆ ಮೇಷ್ಟ್ರನ್ನು ಒಂದೂರಿನಿಂದ ಇನ್ನೊಂದೂರಿಗೆ ಹಾಕುವುದು. ಎರಡೂ ಸೇರಿ ಏನಾಯಿತೋ ಅವನಿಗೆ ತಿಳಿಯದೆ ಹೋಯಿತು.

‘ವೇಗ’ ಎನ್ನಬಹುದಲ್ಲ ಎಂದು ಗೆಳೆಯರು ಹೇಳುತ್ತಾರೆ. ಮಾತಿಗೆ ಸರಿ, ‘ನೆಟ್ ಸ್ಪೀಡ್ ಇಲ್ಲ’ ಎಂದು ನಾನೂ ಅನ್ನುತ್ತೇನೆ. ಆದರೆ ಪಾಠದಲ್ಲಿ ಅದು ತಪ್ಪು ತಿಳಿವಳಿಕೆ ಕೊಡುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಂದು ಬಿಟ್ ಅಲ್ಲಿ ಮುಟ್ಟುವುದು ಸೆಕೆಂಡಿನ ನಾಲ್ಕು ಸಾವಿರದ ನಾನೂರರಲ್ಲಿ ಒಂದು ಪಾಲಿನಲ್ಲಿ. ಲಿಂಕ್ 155 ಮೆಗಾಬಿಟ್ಟಿನದಾಗಲಿ, 10 ಗಿಗಾಬಿಟ್ಟಿನದಾಗಲಿ, ಆ ಓಟ ಬದಲಾಗುವುದಿಲ್ಲ. ಬದಲಾಗುವುದು ಸೆಕೆಂಡಿಗೆ ಎಷ್ಟು ಬಿಟ್ ದಾಟುತ್ತವೆ ಎಂಬುದು ಮಾತ್ರ.

ಇದಕ್ಕೆ ಪದ ನಮ್ಮ ಮನೆಬಾಗಿಲಲ್ಲೇ ಇದೆ ಎಂದು ನನಗನ್ನಿಸಿದ್ದು ಮಳೆಗಾಲದ ಪತ್ರಿಕೆ ನೋಡುವಾಗ. ಕೆಆರ್‌ಎಸ್ ಪೆಟ್ಟಿಗೆ ನಿಮಗೆಲ್ಲ ಗೊತ್ತು: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ನಾಲೆ ನೀರಿನ ಭಾಗದ ರೈತರಿಗೆ ಟಿಎಂಸಿ ಬೇರೆ, ಕ್ಯೂಸೆಕ್ ಬೇರೆ ಎಂದು ಯಾರೂ ಕಲಿಸಬೇಕಿಲ್ಲ. ಮೊದಲನೆಯದು ಕೂಡಿಟ್ಟ ನೀರು, ಎರಡನೆಯದು ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಹರಿವು. 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಮೊಬೈಲಿನ ದಿನದ ಒಂದೂವರೆ ಜಿಬಿ ಟಿಎಂಸಿಯ ಹಾಗೆ, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದು ಕ್ಯೂಸೆಕ್ಕಿನ ಹಾಗೆ. ಆದ್ದರಿಂದ ‘ಡೇಟಾ ಹರಿವು’ ಎಂದು ಬಳಸಬೇಕೆಂದಿದ್ದೇನೆ. ಹುಡುಗನಿಗೆ ಹೀಗೆ ಹೇಳಿದಾಗ ಮರುಪ್ರಶ್ನೆ ಬರಲಿಲ್ಲ.

ಆದರೆ ಇಲ್ಲಿ ಎರಡು ಹರಿವುಗಳಿವೆ. ಎಸ್‌ಟಿಎಂ-1ರಲ್ಲಿ ಸೆಕೆಂಡಿಗೆ 8000 ಚೌಕಟ್ಟು ಹೋಗುತ್ತವೆ. ಟೆಲಿಫೋನಿನಲ್ಲಿ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಿದ್ದ ಲೆಕ್ಕವೇ ಇಲ್ಲಿಗೂ ಬಂದಿದೆ. ಒಂದೊಂದು ಚೌಕಟ್ಟಿಗೂ 9 ಅಡ್ಡಸಾಲು, 270 ಉದ್ದಸಾಲು, ಒಟ್ಟು 2430 ಬೈಟ್. ಬೈಟಿಗೆ 8 ಬಿಟ್ಟಿನಂತೆ ಗುಣಿಸಿದರೆ ಸೆಕೆಂಡಿಗೆ 155.52 ಮೆಗಾಬಿಟ್. ಅದರಲ್ಲಿ 10 ಉದ್ದಸಾಲು ಮೇಲುಸ್ತುವಾರಿಗೇ ಹೋಗುತ್ತವೆ, ಗಿರಾಕಿಯ ಸರಕಿಗೆ ಉಳಿಯುವುದು 260, ಅಂದರೆ 149.76 ಮೆಗಾಬಿಟ್. ಈಥರ್ನೆಟ್ಟಿನಲ್ಲೂ ಅಷ್ಟೆ: 1500 ಬೈಟ್ ಸರಕು ಕಳಿಸಲು ತಂತಿಯ ಮೇಲೆ 1538 ಬೈಟಿನ ಜಾಗ ಬೇಕು, ಹಾಗಾಗಿ 1000 ಮೆಗಾಬಿಟ್ಟಿನಲ್ಲಿ ಕೈಗೆ ಸಿಗುವುದು ಸುಮಾರು 975.

ಇದನ್ನು ‘ಸೋರಿಕೆ’ ಎನ್ನಲು ಮನಸ್ಸು ಬರಲಿಲ್ಲ. ನಾಲೆಯಲ್ಲಿ ಇಂಗಿದ ನೀರು ದಂಡವಾಗುತ್ತದೆ, ಈ ಬಿಟ್ಟುಗಳು ಮಾತ್ರ ಕೆಲಸ ಮಾಡಿಯೇ ಹೋಗುತ್ತವೆ. ಇದು ಕಬ್ಬಿನ ಗಾಡಿಯ ಲೆಕ್ಕ. ವೇಬ್ರಿಡ್ಜಿನಲ್ಲಿ ತುಂಬಿದ ಗಾಡಿ ತೂಗುತ್ತಾರೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ತೂಗುತ್ತಾರೆ, ದುಡ್ಡು ನಡುವಿನ ವ್ಯತ್ಯಾಸಕ್ಕೆ. ಹಾಗಾಗಿ ‘ಒಟ್ಟು ಹರಿವು’, ‘ನಿವ್ವಳ ಹರಿವು’ ಎಂದು ಇಟ್ಟಿದ್ದೇನೆ.

ನಿಜವಾಗಿ ನಿಮ್ಮ ನೆರವು ಬೇಕಿರುವುದು ‘ಪರಿವರ್ತನೆ’ಯ ವಿಷಯದಲ್ಲಿ. ಕ್ಯೂಸೆಕ್ಕನ್ನು ಲೀಟರಿಗೆ ತಂದರೆ ಪರಿವರ್ತನೆ ಸರಿ: ಒಂದು ಕ್ಯೂಸೆಕ್ ಸೆಕೆಂಡಿಗೆ 28.3 ಲೀಟರ್, ನೀರು ಅದೇ, ಅಳತೆ ಬೇರೆ. ಎಸ್‌ಟಿಎಂ-16ರಲ್ಲಿ ಎಷ್ಟು ಗಿಗಾಬಿಟ್ ಈಥರ್ನೆಟ್ ಎಂಬ ಪ್ರಶ್ನೆ ಹಾಗಲ್ಲ. ಎಸ್‌ಟಿಎಂ-1ರ 16 ಪಟ್ಟಾದ ಅದರ 2488.32 ಮೆಗಾಬಿಟ್ಟನ್ನು 1000ದಿಂದ ಭಾಗಿಸಿ ‘ಎರಡೂವರೆ’ ಎಂದರೆ ತಪ್ಪು. ಅದರೊಳಗೆ ವಿಸಿ-4 ಎಂಬ 16 ಪಾತ್ರೆಗಳಿವೆ, ಒಂದೊಂದರ ನಿವ್ವಳ 149.76. ಒಂದು ಗಿಗಾಬಿಟ್ ಲಿಂಕಿಗೆ ಆರು ಸಾಲವು, ಏಳು ಬೇಕು, ಅಂದರೆ 1048.32. ಹೀಗೆ ಎರಡು ಲಿಂಕಿಗೆ 14 ಪಾತ್ರೆ, ಉಳಿದದ್ದು ಎರಡು. ಇದು ಅಳತೆ ಬದಲಿಸುವುದಲ್ಲ, ‘ಎಷ್ಟು ಹಿಡಿಸುತ್ತೆ’ ಎಂದು ನೋಡುವುದು. ‘ಹಿಡಿಸುವ ಲೆಕ್ಕ’ ಎಂದರೆ ಪುಸ್ತಕಕ್ಕೆ ತೀರಾ ಆಡುಮಾತಾಯಿತೇ? ನನಗೇನೋ ಅದೇ ಇಷ್ಟ.

ಇನ್ನೊಂದು ಸಣ್ಣ ಬಿನ್ನಹ. ಇಂಗ್ಲಿಷಿನಲ್ಲಿ ಬಿಟ್ಟಿಗೆ ಸಣ್ಣಕ್ಷರ, ಬೈಟಿಗೆ ದೊಡ್ಡಕ್ಷರ. ಕನ್ನಡ ಲಿಪಿಯಲ್ಲಿ ಎರಡೂ ‘ಎಂಬಿ’ಯೇ ಆಗಿಬಿಡುತ್ತವೆ, ಎಂಟು ಪಟ್ಟಿನ ವ್ಯತ್ಯಾಸ ಕಾಣದಂತೆ ಮುಚ್ಚಿಹೋಗುತ್ತದೆ. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ದಯವಿಟ್ಟು ಕನ್ನಡದಲ್ಲಿ ಬರೆಯುವವರೆಲ್ಲ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆಯಿರಿ.

ಕೊನೆಗೆ ಆ ಪಾತ್ರೆಯ ಹೆಸರು. ವಿಸಿ-4ಕ್ಕೆ ‘ಕೊಳಗ’, 2.176 ಮೆಗಾಬಿಟ್ ಹಿಡಿಸುವ ಚಿಕ್ಕ ವಿಸಿ-12ಕ್ಕೆ ‘ಪಾವು’ ಎಂದು ಬರೆದು ನೋಡಿದೆ. ರಾಗಿ ಅಳೆದ ಕೈಗಳಿಗೆ ತಟ್ಟನೆ ಹಿಡಿಯುತ್ತದೆ. ಆದರೆ ಇಲ್ಲಿ ಒಂದು ದೊಡ್ಡದಕ್ಕೆ 63 ಚಿಕ್ಕವು, ನಮ್ಮ ಹಳೆಯ ಅಳತೆಯ ಲೆಕ್ಕ ಹಾಗಿಲ್ಲ. ಹೆಸರಿನ ಜೊತೆ ಹಳೆಯ ಲೆಕ್ಕವೂ ಓದುವವರ ತಲೆಗೆ ಬಂದು ತೊಡಕಾದೀತೇ? ಹಾಗಾದೀತು ಎನ್ನುವವರು ಬೇರೆ ಯಾವ ಪದ ಹೊಂದುತ್ತದೆಂದು ತಿಳಿಸಿ.