ಸಹಾಯ ಬೇಕು: ಮೂರು ತಲೆಮಾರಿನ ಕಾದಂಬರಿಗೆ ಜೈನ ಮನೆಯ ವಿವರ

ಶ್ರವಣಬೆಳಗೊಳದ ಜೈನ ಮನೆತನದ ಕಥೆ. 1967, 1981, 1993ರ ಮಹಾಮಸ್ತಕಾಭಿಷೇಕಗಳ ಸುತ್ತ ಹೆಣೆದದ್ದು. 1981ರಲ್ಲಿ ಮೊಮ್ಮಗಳು ಮೂಡಿಗೆರೆ ಕಡೆಯ ಕಾಫಿ ತೋಟದ ಕ್ರೈಸ್ತ ಹುಡುಗನನ್ನು ರಿಜಿಸ್ಟರ್ ಮದುವೆಯಾಗುತ್ತಾಳೆ. ಓಡಿಹೋದ ಮರುದಿನವೇ ಸಹಿ ಹಾಕಿಸುವಂತಿಲ್ಲ (ಸಿನಿಮಾದವರು ಇದನ್ನು ಹಾರಿಸಿಬಿಡುತ್ತಾರೆ): 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ಅದು ಕಚೇರಿಯಲ್ಲಿ ಅಂಟಿಸಿದ ಮೇಲೆ ಮತ್ತೆ 30 ದಿನ ಕಳೆಯಬೇಕು, ಮೂವರು ಸಾಕ್ಷಿಗಳು ಬೇಕು. ಆ ನೋಟಿಸಿನಿಂದಲೇ ಅಪ್ಪನಿಗೆ ಸುದ್ದಿ ಮುಟ್ಟುತ್ತದೆ.

ತೊಡಕಿರುವುದು ಅಜ್ಜಿಯ ಅಧ್ಯಾಯದಲ್ಲಿ. ಸಲ್ಲೇಖನ (ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ಜೈನ ವ್ರತ) ಹಿಡಿದವರು ಮೊದಲು ಗಟ್ಟಿ ಆಹಾರ, ಆಮೇಲೆ ದ್ರವ, ಕೊನೆಗೆ ನೀರನ್ನೂ ಬಿಡುತ್ತಾರೆ. ಎಲ್ಲರಲ್ಲೂ ಕ್ಷಮೆ ಕೇಳುತ್ತಾರೆ. ಮನೆಬಿಟ್ಟ ಮೊಮ್ಮಗಳನ್ನು ಆಗ ಕರೆಸುತ್ತಾರೆಯೇ? ಕ್ಷಮೆಯ ಮಾತು ಕನ್ನಡದಲ್ಲೋ, ಪ್ರಾಕೃತದಲ್ಲೋ? ಹಾಸನ ಸೀಮೆಯ ಜೈನ ಮನೆಗಳನ್ನು ಬಲ್ಲವರು ದಯವಿಟ್ಟು ತಿಳಿಸಿ.